ಹತ್ತಿಂಚಿನ ಹೊಲ

ನಮ್ಮ ಅಪ್ಪ ಭೂಮಿಯನ್ನು ಎಕರೆ-ಗುಂಟೆಗಳಲ್ಲಿ ಅಳೆದವರು. ಮುಂಬಯಿಗೆ ಬಂದ ಮೇಲೆ ನಾನು ಚದರ ಅಡಿಯ ಲೆಕ್ಕ ಕಲಿತೆ. ನಿವೃತ್ತನಾದ ಮೇಲೆ ಈಗ ಇಂಚಿನ ಲೆಕ್ಕಕ್ಕೆ ಬಂದು ನಿಂತಿದ್ದೇನೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 1089 ಚದರ ಅಡಿ. ಡೊಂಬಿವಲಿಯ ನಮ್ಮ ಫ್ಲ್ಯಾಟು 545 ಚದರ ಅಡಿ. ಅಂದರೆ 36 ವರ್ಷ ಬ್ಯಾಂಕಿನಲ್ಲಿ ದುಡಿದು, 15 ವರ್ಷ ಸಾಲದ ಕಂತು ಕಟ್ಟಿ ನಾನು ಸಂಪಾದಿಸಿದ ಸ್ಥಿರಾಸ್ತಿ ಅರ್ಧ ಗುಂಟೆ. ಅದೂ ನೆಲದ ಮೇಲಲ್ಲ, ಮೂರನೆಯ ಮಹಡಿಯಲ್ಲಿ!

ಊರಿನಲ್ಲಿರುವವರಿಗೆ ಮೆಣಸಿನಕಾಯಿ ಗಿಡಕ್ಕೆ ಎಷ್ಟು ದೊಡ್ಡ ಕುಂಡ ಬೇಕು ಎನ್ನುವುದು ಪ್ರಶ್ನೆಯೇ ಅಲ್ಲ. ಹಿತ್ತಲಲ್ಲಿ ಒಂದು ಹಣ್ಣುಗಾಯಿ ಒಡೆದು ಬೀಜ ಚೆಲ್ಲಿದರೆ ಮುಗಿಯಿತು, ಉಳಿದದ್ದನ್ನು ಮಳೆ ನೋಡಿಕೊಳ್ಳುತ್ತದೆ. ಇಲ್ಲಿ ಹಾಗಲ್ಲ. ಮುಂಬಯಿ ಕಡೆ ಕಿಟಕಿಗಳ ಹೊರಗೆ ಒಂದೂವರೆ ಅಡಿ ಚಾಚಿಕೊಂಡ ಕಬ್ಬಿಣದ ಪಂಜರ ಕೂರಿಸಿರುತ್ತಾರೆ. ಬಾಕ್ಸ್ ಗ್ರಿಲ್ ಅಂತ ಹೆಸರು. ಅದೇ ಇಲ್ಲಿನ ಹಿತ್ತಲು. ತುಳಸಿ, ಒಣಗುವ ಬಟ್ಟೆ, ಹಳೆಯ ಡಬ್ಬಿ, ಮೊಮ್ಮಗನ ಮುರಿದ ಸೈಕಲ್ಲು, ಎಲ್ಲಕ್ಕೂ ಅದೇ ಜಾಗ. ಅಲ್ಲಿ ಒಂದು ಕುಂಡ ಇಡಬೇಕೆಂದರೆ ಉದ್ದ, ಅಗಲ, ತೂಕ, ಕೆಳಗಿನ ಮನೆಯವರ ಮುಖ, ಇಷ್ಟನ್ನೂ ನೋಡಬೇಕು.

ಈ ಲೆಕ್ಕಕ್ಕೆ ನಾನು ಇಳಿದದ್ದು ನಮ್ಮ ಅವ್ವನಿಂದಾಗಿ. ನಮ್ಮದು ಕುಂದಗೋಳ ತಾಲೂಕಿನ ಒಂದು ಎರಿ ಭೂಮಿಯ ಹಳ್ಳಿ. ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಹಾಕುವುದು ನಮ್ಮ ಕಡೆಯ ಪದ್ಧತಿ. ಉಳ್ಳಾಗಡ್ಡಿ ಮೊದಲು ಮನೆಗೆ ಬರುತ್ತದೆ, ಆಮೇಲೆ ಮೆಣಸಿನಕಾಯಿ, ಕಡೆಗೆ ಹತ್ತಿ. ಒಣಗಿದ ಕಾಯಿ ಬ್ಯಾಡಗಿ ಪೇಟೆಗೆ ಹೋಗುತ್ತಿತ್ತು. ನಾನು ಧಾರವಾಡದಲ್ಲಿ ಎಂ.ಕಾಂ. ಓದಿದ ಫೀಸು ಆ ಕೆಂಪು ರಾಶಿಯಿಂದಲೇ ಬಂದದ್ದು. 2018ರಲ್ಲಿ ಅಪ್ಪ ತೀರಿಕೊಂಡರು. ಮರುವರ್ಷ, ನಾನು ನಿವೃತ್ತನಾದ ಮೇಲೆ, ಅವ್ವನನ್ನು ಡೊಂಬಿವಲಿಗೆ ಕರೆದುಕೊಂಡು ಬಂದೆ. ಆಗಲೇ ಆಕೆಗೆ ಎಂಬತ್ತು. ಹೊಲ ನೋಡಿಕೊಳ್ಳಲು ಊರಲ್ಲಿ ತಮ್ಮ ಇದ್ದ.

ಅವ್ವ ಏನೂ ದೂರಲಿಲ್ಲ. ಅದೇ ನಮಗೆ ಕಷ್ಟವಾಯಿತು. ಬೆಳಿಗ್ಗೆ ಎದ್ದು ಕಿಟಕಿ ಹತ್ತಿರ ಕುರ್ಚಿಯಲ್ಲಿ ಕೂತರೆ ಎದುರಿನ ಕಟ್ಟಡದ ಗೋಡೆ ನೋಡುತ್ತಿದ್ದಳು. ಸಂಜೆ ಒಂದೇ ಪ್ರಶ್ನೆ: “ಊರಿಗೆ ಯಾವಾಗ ಕಳಸ್ತಿ?” ಕಲ್ಯಾಣದಲ್ಲಿ ರೈಲು ಹತ್ತಿದರೆ ಹುಬ್ಬಳ್ಳಿ ಒಂದು ರಾತ್ರಿಯ ದಾರಿ. ಕಳಿಸಬಹುದಿತ್ತು. ಅಷ್ಟರಲ್ಲಿ 2020ರ ಮಾರ್ಚ್ ಬಂತು, ರೈಲುಗಳೇ ನಿಂತವು. ಅವ್ವ ಊಟ ಕಡಿಮೆ ಮಾಡಿದಳು, ಮಾತು ಅದಕ್ಕಿಂತ ಕಡಿಮೆ ಮಾಡಿದಳು. “ಅತ್ತಿ ಹಿಂಗ ಕುಂತ್ರ ಉಳಿಯೂದಿಲ್ಲ ನೋಡ್ರಿ” ಎಂದು ನನ್ನಾಕೆ ಒಂದು ರಾತ್ರಿ ಮೆಲ್ಲಗೆ ಹೇಳಿದಳು. ನನಗೂ ಅದೇ ಭಯವಿತ್ತು.

2021ರ ಜೂನ್‌ನಲ್ಲಿ ಅವ್ವ ತನ್ನ ಟ್ರಂಕಿನಿಂದ ಒಂದು ಗಂಟು ತೆಗೆದಳು. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಐದಾರು ಬ್ಯಾಡಗಿ ಮೆಣಸಿನಕಾಯಿ, ಬೀಜಕ್ಕೆಂದೇ ಆರಿಸಿ ಇಟ್ಟಿದ್ದು. “ಇವನ್ನ ಎಲ್ಲೆರ ಹಾಕಬೇಕಪಾ, ಇನ್ನೂ ತಡಾ ಆದ್ರ ಹುಟ್ಟೂದಿಲ್ಲ” ಎಂದಳು. ಬಂದ ಮೇಲೆ ಅವಳು ನನ್ನಿಂದ ಕೇಳಿದ ಮೊದಲ ವಸ್ತು ಮಣ್ಣು.

ಆಕೆಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ನರ್ಸರಿಗೆ ಹೋದೆ. ಅಲ್ಲಿನ ಹುಡುಗ ಬಹಳ ಮರ್ಯಾದೆಯಿಂದ ಕೇಳಿದ: “ಆಜೀ, ಕೇವಢೀ ಕುಂಡೀ ಪಾಹಿಜೇ?” ಮರಾಠಿಯಲ್ಲಿ ‘ಕುಂಡೀ’ ಅಂದರೆ ಹೂವಿನ ಕುಂಡ. ಎಷ್ಟು ದೊಡ್ಡ ಕುಂಡ ಬೇಕಜ್ಜಿ ಎಂದು ಪಾಪ ಅವನು ಕೇಳಿದ್ದು. ಕನ್ನಡದಲ್ಲಿ ಅದೇ ಶಬ್ದಕ್ಕೆ ಏನರ್ಥ ಎಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಅವ್ವ ಗರಬಡಿದಂತೆ ನನ್ನ ಕಡೆ ತಿರುಗಿ, “ಏನಂತಾನೋ ಇಂವ? ನನ್ನ ವಯಸ್ಸಿಗರ ಮರ್ಯಾದಿ ಬ್ಯಾಡೇನು?” ಎಂದಳು. ನಾನು ಅರ್ಥ ಬಿಡಿಸಿ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದವಳು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ರಿಕ್ಷಾದಲ್ಲಿ ನಕ್ಕಳು, ಮನೆಗೆ ಬಂದು ಸೊಸೆಗೆ ಹೇಳಿ ನಕ್ಕಳು. ಅಪ್ಪ ಹೋದ ಮೇಲೆ ಆಕೆ ನಕ್ಕದ್ದು ಅದೇ ಮೊದಲು.

ಆ ಹುಡುಗ ದೊಡ್ಡ ಕುಂಡವನ್ನೇ ಒಯ್ಯಿರಿ, ಬೀಜ ಅದರಲ್ಲೇ ಹಾಕಿಬಿಡಿ ಎಂದಿದ್ದ. ಅವ್ವ ಒಪ್ಪಲಿಲ್ಲ. “ಮಡಿಯಾಗ ಹುಟ್ಟಬೇಕು, ಹೊಲದಾಗ ಬೆಳೀಬೇಕು” ಎಂದಳು. ಊರಲ್ಲಿ ಸಸಿಮಡಿ ಮಾಡಿ, ಒಂದೂವರೆ ತಿಂಗಳಾದ ಮೇಲೆ ಅಗಿ ಕಿತ್ತು ಹೊಲಕ್ಕೆ ಹಚ್ಚುತ್ತಾರಲ್ಲ, ಹಾಗೆ. ಇದರಲ್ಲಿ ತಥ್ಯವಿದೆ. ಸಣ್ಣ ಸಸಿಯ ಬೇರು ಕುಡಿಯುವ ನೀರು ಬಹಳ ಕಡಿಮೆ. ದೊಡ್ಡ ಕುಂಡದಲ್ಲಿ ಅದನ್ನು ನೆಟ್ಟರೆ ಉಳಿದ ಮಣ್ಣೆಲ್ಲ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಮುಂಬಯಿಯ ಜುಲೈ ತಿಂಗಳಲ್ಲಂತೂ ಕೇಳುವುದೇ ಬೇಡ, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಆದ್ದರಿಂದ ಮೊದಲು ಚಹಾದ ಕಾಗದದ ಕಪ್ಪುಗಳಿಗೆ ತಳದಲ್ಲಿ ತೂತು ಮಾಡಿ ಬೀಜ ಹಾಕಿದೆವು. ಎಂಟು ಹತ್ತು ದಿನಕ್ಕೆ ಮೊಳಕೆ ಬಂತು. ನಾಲ್ಕೈದು ಎಲೆ ಬಂದ ಮೇಲೆ ನಾಲ್ಕಿಂಚಿನ ಪ್ಲಾಸ್ಟಿಕ್ ಚೀಲಕ್ಕೆ, ಅಲ್ಲಿ ಬೇರು ಮಣ್ಣನ್ನು ಹಿಡಿದುಕೊಂಡ ಮೇಲೆ ಕುಂಡಕ್ಕೆ.

ಯಾವ ಕುಂಡಕ್ಕೆ ಎನ್ನುವಾಗ ನನ್ನೊಳಗಿನ ಬ್ಯಾಂಕಿನವ ಎದ್ದ. ಆರು, ಹತ್ತು, ಹನ್ನೆರಡು ಇಂಚಿನವು ಮೂರೂ ತಂದು ಪರೀಕ್ಷೆ ಮಾಡೋಣ ಎಂದೆ. ಈ ಇಂಚು ಕುಂಡದ ಬಾಯಿಯ ಅಗಲ. ಕೇಳಲು ಹನ್ನೆರಡು ಆರರ ದುಪ್ಪಟ್ಟು ಅನಿಸುತ್ತದೆ. ಆದರೆ ಅಗಲ, ಉದ್ದ, ಆಳ ಮೂರೂ ದುಪ್ಪಟ್ಟಾಗುವುದರಿಂದ ಒಳಗೆ ಹಿಡಿಯುವ ಮಣ್ಣು ಎಂಟು ಪಟ್ಟು. ಚಕ್ರಬಡ್ಡಿಯ ಹಾಗೆ! ನೀರು ತುಂಬಿಸಿ ಅಳೆದು ನೋಡಿದೆ. ಆರಿಂಚಿನದು ಸುಮಾರು ಎರಡು ಲೀಟರ್, ಹತ್ತಿಂಚಿನದು ಎಂಟೂವರೆ, ಹನ್ನೆರಡಿಂಚಿನದು ಹದಿನೈದು. ಎರಡೇ ಇಂಚು ಹೆಚ್ಚಾದರೆ ಆರೂವರೆ ಲೀಟರ್ ಮಣ್ಣು ಹೆಚ್ಚು. ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸೇರಿಸಿ ತುಂಬಿ, ನೀರು ಹಾಕಿ, ರದ್ದಿಯವನ ತಕ್ಕಡಿಯಲ್ಲಿ ತೂಗಿಸಿದೆ. ಎರಡು ಕಿಲೋ, ಹತ್ತು ಕಿಲೋ, ಹದಿನೇಳು ಕಿಲೋ.

ಹಳೆಯ ಡೈರಿಯಲ್ಲಿ ಕುಂಡವಾರು ಖಾತೆ ತೆರೆದೆ. ಆರಿಂಚಿನವು ಮೂರು, ಹತ್ತಿಂಚಿನವು ಮೂರು, ಹನ್ನೆರಡಿಂಚಿನವು ಎರಡು. ಎಲ್ಲಕ್ಕೂ ಒಂದೇ ಬೀಜ, ಒಂದೇ ಮಣ್ಣು, ಒಂದೇ ಬಿಸಿಲು. ಮಳೆ ಮುಗಿಯುವವರೆಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಕ್ಟೋಬರಿನ ಧಗೆ ಶುರುವಾದಾಗ ಬಂಡವಾಳ ಬಯಲಾಯಿತು. ಆರಿಂಚಿನ ಗಿಡಗಳು ಬೆಳಿಗ್ಗೆ ನೀರು ಕುಡಿದು ಮಧ್ಯಾಹ್ನ ಮೂರಕ್ಕೆ ಎಲೆ ಜೋಲು ಬಿಡುತ್ತಿದ್ದವು. ಹೂ ಬಿಡುತ್ತಿದ್ದವು, ಉದುರಿಸುತ್ತಿದ್ದವು. ಒಂದನ್ನು ಕಿತ್ತು ನೋಡಿದರೆ ಬೇರು ಕುಂಡದ ಗೋಡೆಗುಂಟ ಸುತ್ತಿ ಸುತ್ತಿ ಸಿಂಬಿಯಾಗಿತ್ತು. ಫೆಬ್ರವರಿ ಕೊನೆಗೆ ಲೆಕ್ಕ ಮುಗಿಸಿದಾಗ ಗಿಡವೊಂದಕ್ಕೆ ಸರಾಸರಿ ಆರಿಂಚಿನಲ್ಲಿ 5 ಕಾಯಿ, ಹತ್ತಿಂಚಿನಲ್ಲಿ 33, ಹನ್ನೆರಡಿಂಚಿನಲ್ಲಿ 41.

ಹಾಗಾದರೆ ಹನ್ನೆರಡೇ ಶ್ರೇಷ್ಠ ಎನ್ನಬಹುದು. ನೆಲದ ಮೇಲೆ, ತಾರಸಿ ಮೇಲೆ ಇಡುವವರಿಗೆ ನಿಜವೇ. ಆದರೆ ಗ್ರಿಲ್ಲು ಹೊರುವುದು ಕಾಯಿಯ ಲೆಕ್ಕವನ್ನಲ್ಲ, ಕಿಲೋವನ್ನು. ಕಿಲೋವಿಗೆ ಎಷ್ಟು ಕಾಯಿ ಎಂದು ಭಾಗಿಸಿದರೆ ಹನ್ನೆರಡಿಂಚಿನದು ಎರಡೂವರೆಯೂ ಮುಟ್ಟುವುದಿಲ್ಲ, ಹತ್ತಿಂಚಿನದು ಮೂರು ದಾಟುತ್ತದೆ. ಎಲ್ಲ ಸೇರಿ 70 ಕಿಲೋ ಆ ಪಂಜರದಲ್ಲಿ ತೂಗುತ್ತಿತ್ತು. ಸೊಸೈಟಿಯ ಸೆಕ್ರೆಟರಿ, ಗ್ರಿಲ್ಲಿನಲ್ಲಿ ಭಾರ ಇಡಕೂಡದೆಂದು ಫಲಕದ ಮೇಲೆ ನೋಟಿಸು ಅಂಟಿಸಿದರು. ಕೆಳಗೆ ಮಕ್ಕಳು ಆಡುವ ಜಾಗ, ಅವರು ಹೇಳುವುದು ನ್ಯಾಯವೇ. ಹನ್ನೆರಡಿಂಚಿನ ಎರಡನ್ನೂ ಒಳಗೆ ಕಿಟಕಿಯ ಕಟ್ಟೆಗೆ ತಂದೆವು. ಗ್ರಿಲ್ ಮಾಡುವವನನ್ನು ಕರೆಸಿ ಕೆಳಗಿನಿಂದ ಕಬ್ಬಿಣದ ಆಸರೆ ಕೊಡಿಸಿ, ಹತ್ತಿಂಚಿನ ನಾಲ್ಕು ಮಾತ್ರ ಹೊರಗೆ ಎಂದು ನಿಶ್ಚಯಿಸಿದೆವು. ಮಣ್ಣಿನ ಕುಂಡ ಚೆಂದ, ಬೇರಿಗೆ ತಂಪು. ಆದರೆ ಅದು ಭಾರ, ಬೇಗ ಒಣಗುತ್ತದೆ ಕೂಡ. ಗ್ರಿಲ್ಲಿಗೆ ಪ್ಲಾಸ್ಟಿಕ್ಕೇ ವಾಸಿ. ಕೆಳಗೆ ತಟ್ಟೆ ಇಟ್ಟರೆ ಎರಡನೆಯ ಮಹಡಿಯವರ ಬಟ್ಟೆಯೂ ಕ್ಷೇಮ, ಸ್ನೇಹವೂ ಕ್ಷೇಮ. ಮಳೆಗಾಲದಲ್ಲಿ ಮಾತ್ರ ಆ ತಟ್ಟೆಯಲ್ಲಿ ನೀರು ನಿಲ್ಲಗೊಡಬಾರದು.

ಅಳತೆ ಎಲ್ಲ ಜಾತಿಗೂ ಒಂದೇ ಅಲ್ಲ. ಮೊದಲ ಮಹಡಿಯ ಉಡುಪಿ ಕಡೆಯ ದಂಪತಿ ಒಂದು ಗಾಂಧಾರಿ ಮೆಣಸಿನ ಸಸಿ ಕೊಟ್ಟರು. ಅದು ಒಂದೇ ಹಂಗಾಮಿಗೆ ಮುಗಿಯುವ ಗಿಡವಲ್ಲ, ವರ್ಷಗಟ್ಟಲೆ ಬಾಳುವ ಪೊದೆ. ಅದಕ್ಕೆ ಹನ್ನೆರಡಿಂಚೇ ಬೇಕು. ಗಿಡ್ಡ ಜಾತಿಯ ಹಸಿಮೆಣಸಿನಕಾಯಿಗೆ ಎಂಟಿಂಚಿನದೂ ಸಾಕು.

ನಮ್ಮ ಪಕ್ಕದ ಮರಾಠಿ ಕಾಕೂ ಪ್ರತಿ ಬೇಸಿಗೆಯಲ್ಲಿ ಲಾಲ್‌ಬಾಗಿನ ಮಸಾಲೆ ಅಂಗಡಿಗಳಿಗೆ ಹೋಗಿ ವರ್ಷದ ಮಸಾಲೆಗೆ ಮೆಣಸಿನಕಾಯಿ ತರುತ್ತಾರೆ. ಬಣ್ಣಕ್ಕೆ ‘ಬೇಡಗಿ’, ಖಾರಕ್ಕೆ ‘ಸಂಕೇಶ್ವರಿ’. ಎರಡೂ ನಮ್ಮ ನಾಡಿನ ಊರುಗಳ ಹೆಸರು. ನಮ್ಮ ಗ್ರಿಲ್ಲಿನಲ್ಲಿ ಕೆಂಪಗೆ ಸುಕ್ಕುಗಟ್ಟುತ್ತಿದ್ದ ಕಾಯಿ ನೋಡಿ ಆಕೆ ಗುರುತು ಹಿಡಿದರು. ಅವ್ವನಿಗೆ ಮರಾಠಿ ಬಾರದು, ಕಾಕೂಗೆ ಕನ್ನಡ ಬಾರದು. ದಿನಾ ಮಧ್ಯಾಹ್ನ ಇಬ್ಬರೂ ಕಿಟಕಿಯ ಹತ್ತಿರ ಕೂತು ಅರ್ಧ ತಾಸು ಮಾತಾಡುತ್ತಾರೆ. ಏನು ಮಾತಾಡುತ್ತಾರೆಂದು ನನ್ನಾಕೆ ಕೇಳಿದರೆ, “ಎಲ್ಲಾ ಮಾತಾಡ್ತೀವಿ” ಎನ್ನುತ್ತಾಳೆ ಅವ್ವ. ಮೆಣಸಿನಕಾಯಿ ಕೂಡ ಮೂಲತಃ ನಮ್ಮ ದೇಶದ್ದಲ್ಲ, ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಹದಿನಾರನೆಯ ಶತಮಾನದಲ್ಲಿ ಬಂದದ್ದು. ನಮ್ಮವರು ಮೊದಲೇ ಗೊತ್ತಿದ್ದ ಕರಿಮೆಣಸಿನ ಹೆಸರನ್ನು ಅದಕ್ಕೂ ಕೊಟ್ಟು ಮನೆಯೊಳಗೆ ಕರೆದುಕೊಂಡರು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿತು. ಪರದೇಶಿಯಾಗಿ ಬಂದದ್ದು ಊರಿನ ಹೆಸರನ್ನೇ ಹೊತ್ತು ತಿರುಗುತ್ತಿದೆ.

ಕುಂಡದ ಬೇಸಾಯದಲ್ಲಿ ನಾನು ಕಂಡುಕೊಂಡದ್ದು ಇಷ್ಟೆ: ಕುಂಡ ಸಣ್ಣದಾದಷ್ಟೂ ನಮ್ಮ ಗಮನ ದೊಡ್ಡದಾಗಬೇಕು. ಹೊಲದ ಗಿಡಕ್ಕೆ ಎರಡು ದಿನ ನೀರಿಲ್ಲದಿದ್ದರೆ ತಾನೇ ಬೇರು ಕೆಳಗಿಳಿಸಿ ತೇವ ಹುಡುಕುತ್ತದೆ. ಕುಂಡದ ಗಿಡಕ್ಕೆ ಹುಡುಕಲು ಜಾಗವಿಲ್ಲ, ಅದಕ್ಕೆ ಮಳೆಯೂ ನಾವೇ, ನೆಲವೂ ನಾವೇ. ನಾಲ್ಕು ದಿನ ನಾಸಿಕಕ್ಕೆ ಹೋಗಿ ಬರುತ್ತೇವೆಂದರೆ ಹನ್ನೆರಡಿಂಚಿನದು ತಡೆದುಕೊಂಡೀತು, ಆರಿಂಚಿನದು ತಡೆಯದು.

ಇದನ್ನು ಒಂದು ಸಂಜೆ ಅವ್ವನಿಗೂ ಹೇಳಿದೆ. ಸ್ವಲ್ಪ ಭಾವುಕನಾಗಿ, “ನಿನ್ನನ್ನೂ ಹೊಲದಿಂದ ತಂದು ಕುಂಡದಾಗ ಇಟ್ಟಂಗಾತಲ್ಲವಾ” ಎಂದೆ. ಆಕೆ ಒಣ ಎಲೆ ಆರಿಸುತ್ತಿದ್ದವಳು ತಲೆ ಎತ್ತದೆ, “ಗಿಡಕ್ಕ ಬಾಯಿಲ್ಲ, ನನಗೈತಿ. ನೀರು ಬೇಕಂದ್ರ ಕೇಳ್ತೀನಿ” ಎಂದಳು. ಆಮೇಲೆ ನಿಜಕ್ಕೂ ಕೇಳಿದಳು. ಡಿಸೆಂಬರಿನಲ್ಲಿ ಕಾಯಿ ಬಿಡಿಸುವ ಹೊತ್ತಿಗೆ ಊರಿಗೆ ಕಳಿಸಬೇಕು, ಸಂಕ್ರಾಂತಿ ಮುಗಿಸಿ ಬರುತ್ತೇನೆ ಎಂದು. ಮೂರು ವರ್ಷ ಹಾಗೇ ನಡೆಯಿತು. ನಾನೇ ರೈಲಿನಲ್ಲಿ ಬಿಟ್ಟು, ನಾನೇ ಕರೆತರುತ್ತಿದ್ದೆ. ಪ್ರತಿ ಸಲ ಹಿಂದಿರುಗುವಾಗ ಅಳುತ್ತಾಳೇನೋ ಎಂದು ಅಂಜುತ್ತಿದ್ದೆ. ಆಕೆ ಕೇಳುತ್ತಿದ್ದದ್ದು, “ಕಿಟಕಿಯಾಗಿನವಕ್ಕ ನೀರು ಯಾರು ಹಾಕ್ಯಾರ?”

2024ರಲ್ಲಿ ಮೊಣಕಾಲು ಪೂರ್ತಿ ಕೈಕೊಟ್ಟಿತು. ಪ್ರಯಾಣ ಬೇಡ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಅವ್ವ ಒಂದು ದಿನ ಸುಮ್ಮನಿದ್ದಳು. ಮರುದಿನ ತಮ್ಮನಿಗೆ ಫೋನು ಹಚ್ಚಿಸಿ, “ನಂದು ನಾಕು ಕುಂಡ ಕೆಂಪಾಗ್ಯಾವ, ನಿಮ್ಮಲ್ಲಿ ಹೆಂಗೈತಿ?” ಎಂದು ಬೆಳೆಯ ವರದಿ ಕೊಡತೊಡಗಿದಳು, ಎಂಟು ಎಕರೆಯ ಒಡತಿಯಂತೆ. ಆ ಕಾಯಿಗಳಲ್ಲಿ ಉದ್ದನೆಯ ನಾಲ್ಕನ್ನು ಆರಿಸಿ ಒಣಗಿಸಿ, ಕೊರಿಯರಿನಲ್ಲಿ ಊರಿಗೆ ಕಳಿಸಿದಳು. 2025ರ ಮಳೆಗಾಲದಲ್ಲಿ ತಮ್ಮ ಅದರ ಬೀಜವನ್ನು ಮಡಿಯಲ್ಲಿ ಹಾಕಿ, ಅಗಿಯನ್ನು ಹೊಲದ ಬದುವಿನ ಹತ್ತಿರ ಹಚ್ಚಿದ. ದೀಪಾವಳಿ ಹೊತ್ತಿಗೆ ಮೊಬೈಲಿಗೆ ಫೋಟೋ ಕಳಿಸಿದ. ಇಲ್ಲಿ ಮೊಣಕಾಲು ದಾಟದ ಗಿಡ ಅಲ್ಲಿ ಅವನ ಸೊಂಟಕ್ಕೆ ಬಂದಿತ್ತು.

ಅವ್ವ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. “ಸಣ್ಣ ಕುಂಡದಾಗ ಇದ್ದದ್ದು ಬೀಜಕ್ಕ ಗೊತ್ತ ಇಲ್ಲ ನೋಡು” ಎಂದಳು. ಆಮೇಲೆ ಆರಿಂಚಿನ ಖಾಲಿ ಕುಂಡಗಳನ್ನು ನನ್ನ ಕಡೆ ಸರಿಸಿ, ಇವುಗಳಲ್ಲಿ ಕೊತ್ತಂಬರಿ ಹಾಕು, ಅದಕ್ಕೆ ಇಷ್ಟು ಮಣ್ಣು ಧಾರಾಳ ಸಾಕು ಎಂದು ಹೇಳಿ ಕಾಕೂನ ಮನೆಯ ಬಾಗಿಲು ತಟ್ಟಲು ಕೋಲು ಊರಿಕೊಂಡು ಹೋದಳು.