ಹೊಸರಿತ್ತಿ ಕಟ್ಟೆಯ ಮಾತು ಶಾರ್ಜಾ ಮುಟ್ಟಿದಾಗ

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವ ರೈಲಿನಲ್ಲಿ ಹಾವೇರಿಗೆ ಇಳಿದರೆ, ಸ್ಟೇಷನ್ ಹೆಸರಿನ ಜೊತೆ ಒಬ್ಬ ಮನುಷ್ಯನ ಹೆಸರೂ ಇರುತ್ತೆ: ಮಹಾದೇವಪ್ಪ ಮೈಲಾರ. ಓದಿದವರಲ್ಲಿ ಬಹಳ ಜನ ಅಲ್ಲಿಗೆ ಬಿಟ್ಟು ಆಟೊ ಹುಡುಕ್ತಾರೆ. ಆ ಹೆಸರಿನ ಕಥೆ ಮುಗಿದದ್ದು ಹೊಸರಿತ್ತಿಯಲ್ಲಿ. ಹಾವೇರಿ ತಾಲ್ಲೂಕಿನದೇ ಊರು, ವರದಾ ನದಿಯ ದಂಡೆ. ಕರಿಮಣ್ಣಿನ ಹೊಲ, ಹತ್ತಿ, ಗೋವಿನಜೋಳ, ಮೆಣಸಿನಕಾಯಿ. ಇಲ್ಲಿಂದ ಮುಂದೆ ಹರಿದು ವರದಾ ನದಿ ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಕೂಡಿಕೊಳ್ಳುತ್ತೆ. ಸಮಯ ಇದ್ದರೆ ಅಲ್ಲಿಗೂ ಹೋಗಿ, ಗಳಗೇಶ್ವರ ಗುಡಿ ನೋಡದೆ ಬರಬೇಡಿ.

ಬ್ಯಾಡಗಿ ತಾಲ್ಲೂಕು ಮೋಟೆಬೆನ್ನೂರಿನ ಮಹಾದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಕನ್ನಡಿಗ. ಆಗ ಇಪ್ಪತ್ತೂ ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷ್ ಸರ್ಕಾರದ ಕಂದಾಯದ ಹಣ ಇಟ್ಟಿದ್ದ ಜಾಗದ ಮೇಲೆ ಗೆಳೆಯರನ್ನು ಕಟ್ಟಿಕೊಂಡು ದಾಳಿ ಮಾಡಿದ. ಪೊಲೀಸರ ಗುಂಡಿಗೆ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಸತ್ತರು. ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಊರೂ ಇದೇ. ಗಾಂಧಿ ಗ್ರಾಮೀಣ ಗುರುಕುಲ ಇರೋದೂ ಇಲ್ಲೇ.

ನಾನು ಹೋಗಿದ್ದು ಚಿಗವ್ವನ ಮನೆಗೆ, ಎರಡು ದಿನದ ರಜೆಗೆ. ಸಂಜೆ ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದು ಕಟ್ಟೆ ಮೇಲೆ ಕೂತರೆ ಅಲ್ಲಿ ನಡೆಯುತ್ತಿದ್ದ ಮಾತು ಮಳೆಯದೂ ಅಲ್ಲ, ಬ್ಯಾಡಗಿ ಮಾರ್ಕೆಟ್ಟಿನ ರೇಟಿನದೂ ಅಲ್ಲ. ಪಕ್ಕದ ಮನೆ ಹುಡುಗನದು.

ಹುಡುಗ ಐಟಿಐ ಮುಗಿಸಿ ಶಾರ್ಜಾದಲ್ಲಿ ಎಲೆಕ್ಟ್ರಿಷಿಯನ್. ಕರಾವಳಿಯ ಹಾಗೆ ತಲೆತಲಾಂತರದ ಗಲ್ಫ್ ನಂಟು ಈ ಕಡೆ ಇಲ್ಲ. ಒಬ್ಬ ಹೋದ ಅಂದರೆ ಓಣಿಗೆಲ್ಲ ಗೊತ್ತು, ಅವನು ತಂದ ಖರ್ಜೂರ ಎಲ್ಲರ ಮನೆಗೂ ಬಂದಿರುತ್ತೆ. ರಜೆ ಮುಗಿದು ವಾಪಸ್ ಹೋಗಲು ಒಂಬತ್ತು ದಿನ ಉಳಿದಿತ್ತು. ಅವನು ಮಾತ್ರ ಟಿಕೆಟ್ ಕ್ಯಾನ್ಸಲ್ ಮಾಡಿಸ್ತೀನಿ ಅಂತ ಕೂತಿದ್ದ.

"ಯಾಕೋ?" ಅಂದೆ.

"ಏರ್‌ಪೋರ್ಟ್‌ನ್ಯಾಗ ಹಿಡದ್ರ ಏನ್ ಮಾಡ್ಲೆಕ್ಕಾ?"

ಹೋದ ವರ್ಷ ಶಾರ್ಜಾದ ರೂಮಿನಲ್ಲಿ ಕೂತು, ಇಲ್ಲಿಯ ಯಾವುದೋ ಊರಿನ ಮೆರವಣಿಗೆ ಗಲಾಟೆಯ ವಿಡಿಯೊ ಕೆಳಗೆ ಅವನು ಒಂದು ಕಮೆಂಟ್ ಹಾಕಿದ್ದ. ಕನ್ನಡದಲ್ಲೇ. ಅದಕ್ಕೆ ಭಟ್ಕಳ ಕಡೆಯ, ಶಾರ್ಜಾದಲ್ಲೇ ಕೆಲಸ ಮಾಡುವ ಒಬ್ಬರು ಉತ್ತರ ಕೊಟ್ಟಿದ್ದರು. ಮಾತಿಗೆ ಮಾತು ಬೆಳೆದು ಕೊನೆಗೆ ಅವರು, "ಸ್ಕ್ರೀನ್‌ಶಾಟ್ ನನ್ನ ಹತ್ರ ಇದೆ, ನೆನಪಿರಲಿ" ಅಂತ ಬರೆದಿದ್ದರು. ರಜೆಯಲ್ಲಿ ಗೆಳೆಯನೊಬ್ಬ ಅಲ್ಲಿಯ ಕಾನೂನಿನ ವಿಡಿಯೊ ಕಳಿಸಿದ ಮೇಲೆ ಇವನಿಗೆ ನಿದ್ದೆ ಹತ್ತಿಲ್ಲ. ಹಳೆಯ ಪೋಸ್ಟ್ ಒಂದೊಂದಾಗಿ ಅಳಿಸುತ್ತಾ ಕೂತಿದ್ದ.

ಅವನ ಅಪ್ಪನಿಗೆ ಇದೆಲ್ಲ ವಿಚಿತ್ರ. "ಅಲ್ಲೋ, ಕನ್ನಡದಾಗ ಬರದಿದ್ದು ಅಲ್ಲಿ ಅರಬ್ಬರಿಗೆ ಏನ್ ತಿಳೀತೈತಿ?"

ಇದು ಆ ಅಪ್ಪನೊಬ್ಬರ ಪ್ರಶ್ನೆ ಅಲ್ಲ. ಹೊರಗಿರುವ ನಮ್ಮವರಲ್ಲಿ ಬಹಳ ಜನ ಒಳಗೊಳಗೇ ನಂಬಿರುವ ಸಂಗತಿ. ಕಟ್ಟೆ ಮೇಲೆ ಆಡಿದ ಮಾತನ್ನು ಕೇಳುವವರು ಎಂಟು ಜನ. ಎಂಟೂ ಜನಕ್ಕೆ ನಿಮ್ಮ ಅಜ್ಜನ ಹೆಸರು ಗೊತ್ತು, ನೀವು ಸಿಟ್ಟಿನಲ್ಲಿ ಆಡಿದ್ದೋ ತಮಾಷೆಗೋ ಅನ್ನೋದೂ ಗೊತ್ತು. ಬೆಳಗಾದರೆ ಆ ಮಾತು ಇರಲ್ಲ. ಫೋನಿನಲ್ಲಿ ಊರ ಪೇಜು ತೆರೆದಾಗ ಅದೇ ಕಟ್ಟೆ ಅನ್ನಿಸುತ್ತೆ, ಅದೇ ಮುಖಗಳು, ಅದೇ ಭಾಷೆ. ಆದರೆ ಅನುವಾದದ ಬಟನ್ ಪಕ್ಕದಲ್ಲೇ ಇದೆ. ಅದಕ್ಕಿಂತ ಮುಖ್ಯವಾಗಿ, ಅರಬ್ಬರು ಓದಬೇಕಾಗೇ ಇಲ್ಲ. ಯುಎಇಯಲ್ಲಿ 35 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಮಂಗಳೂರಿನವರು, ಭಟ್ಕಳದವರು, ಕಾಸರಗೋಡಿನವರು, ಕಲಬುರಗಿಯವರು. ಕನ್ನಡದಲ್ಲಿ ಬೈದರೆ ಮೊದಲು ತಲುಪೋದು ಕನ್ನಡ ಬಲ್ಲವರಿಗೇ.

2020ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ದೆಹಲಿಯ ತಬ್ಲೀಗಿ ಸಭೆಯ ಸುದ್ದಿಯ ನಂತರ ಕೊರೊನಾವನ್ನು ಒಂದು ಧರ್ಮದ ತಲೆಗೆ ಕಟ್ಟುವ ಪೋಸ್ಟ್‌ಗಳ ಹೊಳೆಯೇ ಹರಿಯಿತು. ಅದರಲ್ಲಿ ಯುಎಇಯಲ್ಲೇ ಸಂಬಳ ಎಣಿಸುತ್ತಿದ್ದ ಭಾರತೀಯರದೂ ಇದ್ದವು, ಕರ್ನಾಟಕದವರದೂ ಸೇರಿ. ಸ್ಕ್ರೀನ್‌ಶಾಟ್‌ಗಳು ಹೋದದ್ದು ನೇರ ಅವರ ಕಂಪನಿಗಳಿಗೆ. ಕಂಪನಿ ಹೆಸರನ್ನು ಪ್ರೊಫೈಲ್‌ನಲ್ಲಿ ಇವರೇ ಬರೆದುಕೊಂಡಿದ್ದರು ನೋಡಿ. ಬಾಣಸಿಗ, ಸ್ಟೋರ್‌ಕೀಪರ್, ಕ್ಯಾಷಿಯರ್, ಹೀಗೆ ಒಬ್ಬೊಬ್ಬರೇ ಕೆಲಸ ಕಳೆದುಕೊಂಡರು. ಶಾರ್ಜಾ ರಾಜಮನೆತನದ ಹೆಂದ್ ಅಲ್ ಖಾಸಿಮಿ ಬಹಿರಂಗವಾಗಿ ಎಚ್ಚರಿಸಿದರು. ಏಪ್ರಿಲ್ 20ರಂದು ಅಲ್ಲಿನ ಭಾರತದ ರಾಯಭಾರಿ ಪವನ್ ಕಪೂರ್ ಅವರೇ, ತಾರತಮ್ಯ ನಮ್ಮ ನೈತಿಕತೆಗೂ ಕಾನೂನಿಗೂ ವಿರುದ್ಧ, ಇಲ್ಲಿರುವ ಭಾರತೀಯರು ಇದನ್ನು ಸದಾ ನೆನಪಿಡಬೇಕು ಅಂತ ಟ್ವೀಟ್ ಮಾಡಬೇಕಾಯಿತು. ಲಾಕ್‌ಡೌನ್, ವಿಮಾನ ಇಲ್ಲ, ಕೆಲಸ ಇಲ್ಲ. ಊರಿಗೆ ಬರಲೂ ದಾರಿ ಇಲ್ಲದ ಹೊತ್ತಿನಲ್ಲಿ ನಡೆದದ್ದು ಇದು.

ಗಲ್ಫ್ ಮಾತ್ರ ಹೀಗೆ ಅಂತಲೂ ಅಂದುಕೊಳ್ಳಬೇಡಿ. ಮುಂದಿನ ತಿಂಗಳೇ ಕೆನಡಾದ ಬ್ರಾಂಪ್ಟನ್‌ನಲ್ಲಿ ಭಾರತ ಮೂಲದ ರಿಯಲ್ ಎಸ್ಟೇಟ್ ಏಜೆಂಟ್ ಒಬ್ಬರು ಆಜಾನ್ ಬಗ್ಗೆ ಮಾಡಿದ ಒಂದು ಟ್ವೀಟ್‌ಗೆ ಕೆಲಸ ಕಳೆದುಕೊಂಡರು.

ಕಾನೂನಿನ ವಿಷಯಕ್ಕೆ ಬಂದರೆ, ಯುಎಇ 2015ರಲ್ಲೇ ತಾರತಮ್ಯ ಮತ್ತು ದ್ವೇಷದ ವಿರುದ್ಧ ಪ್ರತ್ಯೇಕ ಕಾನೂನು ತಂದಿತು. 2022ರ ಜನವರಿಯಿಂದ ಜಾರಿಯಲ್ಲಿರುವ ಸೈಬರ್ ಕಾನೂನಿನ ಪ್ರಕಾರ ಆನ್‌ಲೈನ್‌ನಲ್ಲಿ ಒಬ್ಬರನ್ನು ಅವಮಾನಿಸಿದರೂ ಜೈಲು, ಇಲ್ಲವೇ 2.5 ಲಕ್ಷದಿಂದ 5 ಲಕ್ಷ ದಿರ್ಹಮ್‌ವರೆಗೆ ದಂಡ, ಇಲ್ಲವೇ ಎರಡೂ. ಒಂದು ದಿರ್ಹಮ್‌ಗೆ 22 ರೂಪಾಯಿ ಹಿಡಿದರೂ ಕಡಿಮೆ ದಂಡವೇ 55 ಲಕ್ಷ ರೂಪಾಯಿ. ಈ ಲೆಕ್ಕವನ್ನು ಕಟ್ಟೆ ಮೇಲೆ ಯಾರೋ ಗಟ್ಟಿಯಾಗಿ ಹೇಳಿದಾಗ ಹುಡುಗನ ಅಪ್ಪ ತಮ್ಮ ನಾಲ್ಕು ಎಕರೆಯ ಕಡೆ ಒಮ್ಮೆ ತಿರುಗಿ ನೋಡಿದರು. ಮಗನನ್ನು ಕಳಿಸಲು ಏಜೆಂಟನಿಗೆ ಕೊಟ್ಟ ಸಾಲ ಇನ್ನೂ ತೀರಿಲ್ಲ, ಮಗಳ ಮದುವೆ ಬೇಸಿಗೆಗೆ ಅಂತ ಮಾತಾಗಿದೆ.

ಉಡುಪಿ ಜಿಲ್ಲೆಯ ಕುಟುಂಬವೊಂದಕ್ಕೆ ಇದರ ಕಹಿ ನಮಗಿಂತ ಚೆನ್ನಾಗಿ ಗೊತ್ತು. ಸೌದಿಯಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದ ಮನೆಯ ಯಜಮಾನ 2019ರ ಡಿಸೆಂಬರ್‌ನಲ್ಲಿ, ಪೌರತ್ವ ಕಾಯ್ದೆಯ ಗಲಾಟೆಯ ದಿನಗಳಲ್ಲಿ, ಫೇಸ್‌ಬುಕ್‌ನಲ್ಲಿ ಏನೋ ಹಂಚಿಕೊಂಡರು. ವಿರೋಧ ಬಂತು. ಕ್ಷಮೆ ಕೇಳಿ ವಿಡಿಯೊ ಹಾಕಿ ಖಾತೆ ಮುಚ್ಚಿದರು. ಅಷ್ಟರಲ್ಲಿ ಅವರದೇ ಹೆಸರಿನ ಇನ್ನೊಂದು ಖಾತೆಯಿಂದ ಮೆಕ್ಕಾ ಬಗ್ಗೆ, ಅಲ್ಲಿನ ಯುವರಾಜರ ಬಗ್ಗೆ ಹೊಲಸು ಬರಹ ಹರಿದಾಡಿತು. ಸೌದಿ ಪೊಲೀಸರು ಬಂದು ಹಿಡಿದುಕೊಂಡು ಹೋದರು. ಹೆಂಡತಿ ಊರಲ್ಲಿ ಕೂತು ಇದು ನಕಲಿ ಖಾತೆ ಅಂತ ದೂರು ಕೊಟ್ಟರು, ಕಂಡಕಂಡ ಕಚೇರಿಗೆ ಅಲೆದರು. ಉಡುಪಿ ಪೊಲೀಸರು ತನಿಖೆ ಮಾಡಿ 2020ರ ಅಕ್ಟೋಬರ್‌ನಲ್ಲಿ ನಕಲಿ ಖಾತೆ ಮಾಡಿದ ಆರೋಪದ ಮೇಲೆ ಮೂಡುಬಿದಿರೆ ಕಡೆಯ ಇಬ್ಬರು ಅಣ್ಣತಮ್ಮಂದಿರನ್ನು ಬಂಧಿಸಿದರು. ಆ ಮನುಷ್ಯ ಮನೆಗೆ ಬಂದದ್ದು 2021ರ ಆಗಸ್ಟ್‌ನಲ್ಲಿ. ಬರೆಯದ ಮಾತಿಗೆ ಇಪ್ಪತ್ತು ತಿಂಗಳು ಹತ್ತಿರ ಹತ್ತಿರ ಜೈಲು.

ನಿಮ್ಮಲ್ಲಿ ಕೆಲವರಿಗೆ ಈಗ ಸಿಟ್ಟು ಬರಬಹುದು: ಒಂದು ಕಮೆಂಟಿಗೆ ಇಷ್ಟೆಲ್ಲಾನಾ? ನನಗೂ ಅಲ್ಲಿನ ಶಿಕ್ಷೆ ಅತಿ ಅನ್ನಿಸುತ್ತೆ. ನಮ್ಮಲ್ಲಿ ಐಟಿ ಕಾಯ್ದೆಯ 66ಎ ಅನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ಆ ಸ್ವಾತಂತ್ರ್ಯ ಪಾಸ್‌ಪೋರ್ಟಿನ ಜೊತೆ ಸೂಟ್‌ಕೇಸಿಗೆ ತುಂಬಿಕೊಳ್ಳುವ ವಸ್ತು ಅಲ್ಲ. ನಮ್ಮ ಸಂವಿಧಾನದ 19ನೇ ವಿಧಿ ವಾಕ್ ಸ್ವಾತಂತ್ರ್ಯ ಕೊಡೋದು ನಾಗರಿಕರಿಗೆ ಮಾತ್ರ, ಇಲ್ಲಿಗೆ ಬಂದ ವಿದೇಶಿಯರಿಗೆ ಅಲ್ಲ. 2020ರ ಫೆಬ್ರವರಿಯಲ್ಲಿ ವಿಶ್ವಭಾರತಿಯಲ್ಲಿ ಓದುತ್ತಿದ್ದ ಬಾಂಗ್ಲಾದೇಶದ ವಿದ್ಯಾರ್ಥಿನಿಗೆ ದೇಶ ಬಿಡುವ ನೋಟಿಸ್ ಬಂದದ್ದು ಅವಳು ಪ್ರತಿಭಟನೆಯ ಫೋಟೊಗಳನ್ನು ಫೇಸ್‌ಬುಕ್‌ಗೆ ಹಾಕಿದ ಮೇಲೆ. ಅದಕ್ಕೂ ಎರಡು ತಿಂಗಳ ಮುಂಚೆ ಕೊಚ್ಚಿಯ ಮೆರವಣಿಗೆಯಲ್ಲಿ ನಡೆದ ನಾರ್ವೆಯ ಹಿರಿಯ ಮಹಿಳೆಯನ್ನೂ ಹೊರಡಿ ಅಂದರು. ಅವರಿಬ್ಬರೂ ಯಾರನ್ನೂ ಬೈದಿರಲಿಲ್ಲ.

ಕಾನೂನು ಬಿಡಿ. 2024ರ ಸೆಪ್ಟೆಂಬರ್‌ನಲ್ಲಿ, ನಾವು ಉತ್ತರ ಭಾರತದವರು ಬಿಟ್ಟು ಹೋದರೆ ಬೆಂಗಳೂರು ಖಾಲಿ ಅಂತ ಒಬ್ಬಾಕೆ ರೀಲ್ ಹಾಕಿದಾಗ ನಿಮ್ಮ ಆಫೀಸ್ ಗ್ರೂಪಿನಲ್ಲಿ ಏನಾಯ್ತು ನೆನಪಿದೆಯಾ? ಇಲ್ಲಿಯ ಅನ್ನ ಉಂಡು ಅನ್ನೋ ಮಾತು ಎಷ್ಟು ಜನ ಟೈಪ್ ಮಾಡಿದ್ದರು? ಅದೂ ಒಂದೇ ದೇಶದವರ ನಡುವೆ.

ಆವತ್ತು ರಾತ್ರಿ ಪಕ್ಕದ ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ಅಪ್ಪನಿಗೆ ಅಲ್ಲಿಯವರೆಗೆ ಮಗ ಏನು ಬರೆದಿದ್ದ ಅಂತಲೇ ಗೊತ್ತಿರಲಿಲ್ಲ. ಎಲ್ಲರೂ ದಂಡ, ಜೈಲು, ಏರ್‌ಪೋರ್ಟ್ ಅಂತ ಮಾತಾಡ್ತಿದ್ದರೇ ಹೊರತು ಆ ಮಾತು ಯಾವುದು ಅಂತ ಯಾರೂ ಕೇಳಿರಲಿಲ್ಲ. ಅವರಿಗೆ ಸಣ್ಣ ಅಕ್ಷರ ಕಾಣಲ್ಲ. ಮಗಳ ಕೈಗೆ ಫೋನ್ ಕೊಟ್ಟು, "ಓದವ್ವಾ, ಏನ್ ಬರದಾನ ನೋಡೂಣು" ಅಂದರು. ಕಮೆಂಟ್ ಅಳಿಸಿಯಾಗಿತ್ತು, ಆದರೆ ಭಟ್ಕಳದವರು ಕಳಿಸಿದ್ದ ಸ್ಕ್ರೀನ್‌ಶಾಟ್ ಇತ್ತು. ಹುಡುಗಿ ಅರ್ಧ ಓದಿ ನಿಲ್ಲಿಸಿದಳು. "ಮುಂದಿಂದು ನನಗ ಓದಾಕ ಬರಂಗಿಲ್ಲಪ್ಪಾ" ಅಂದಳು. ಬರಂಗಿಲ್ಲ ಅಂದರೆ ಅಕ್ಷರ ಬರಲ್ಲ ಅಂತಲ್ಲ. ಒಂದು ಸಮುದಾಯದ ಹೆಂಗಸರ ಬಗ್ಗೆ ಇದ್ದ ಮಾತು ಅದು. ನಾನೂ ಇಲ್ಲಿ ಬರೆಯಲ್ಲ.

ಆ ಅಪ್ಪ ಶ್ರಾವಣದಲ್ಲಿ ಭಜನೆಗೆ ಹೋಗುವವರು, ಶಿಶುನಾಳ ಶರೀಫರ ಪದ ಎತ್ತಿದರೆ ಓಣಿ ಕಿವಿ ಕೊಡುತ್ತೆ. ಅವರ ಮೆಣಸಿನಕಾಯಿ ಚೀಲ ಬ್ಯಾಡಗಿಗೆ ಹೋಗೋದು ಮೂರನೇ ಮನೆಯ ಸಾಹೇಬರ ಟೆಂಪೊದಲ್ಲಿ. ಆ ಸಾಹೇಬರೂ ಸಂಜೆ ಕಟ್ಟೆಯಲ್ಲಿದ್ದರು. ಹುಡುಗನಿಗೆ ಧೈರ್ಯ ಹೇಳಿದವರಲ್ಲಿ ಅವರೂ ಒಬ್ಬರು. ಏನು ಬರೆದಿದ್ದ ಅಂತ ಅವರಿಗೂ ಗೊತ್ತಿರಲಿಲ್ಲ.

"ಇದನ್ನ ನೀನ ಬರದೀಯೇನೋ?" ಅಂತ ಕೇಳಿದರು ಅಪ್ಪ. ಹುಡುಗ ತಲೆ ಬಗ್ಗಿಸಿದ. ಎಲ್ಲರೂ ಬರೀತಿದ್ರು ಅಂದ. ರೂಮಿನಲ್ಲಿ ಒಬ್ಬನೇ ಇದ್ದೆ, ಹೊತ್ತು ಹೋಗ್ತಿರಲಿಲ್ಲ, ಲೈಕ್ ಬರ್ತಿದ್ವು ಅಂದ. ಇದನ್ನು ನಾನು ನೆಪ ಅನ್ನಲ್ಲ. ಹನ್ನೆರಡು ತಾಸು ಬಿಸಿಲಲ್ಲಿ ದುಡಿದು ಬಂದು, ಮಾತಾಡಿಸುವವರಿಲ್ಲದ ರೂಮಿನಲ್ಲಿ ಊರಿನ ಜಗಳವೇ ಊರಿನ ನಂಟು ಆಗಿಬಿಡುತ್ತೆ. ಆದರೂ ಆ ಮಾತು ಆ ಮಾತೇ.

"ಅವರ ನಂಬರ್ ಐತೇನು?" ಅಂದರು ಅಪ್ಪ.

ಮೆಸೇಜ್‌ನಲ್ಲಿ ನಂಬರ್ ಕೇಳಿ, ಮರುದಿನ ಸಂಜೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ, ನಾವೆಲ್ಲ ಸುತ್ತ ಕೂತಿದ್ದೆವು. ತಪ್ಪಾತ್ರೀ ಅಂದ. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಪೊಲೀಸಿಗೆ ಕೊಡ್ತೇನೆ ಅಂತ ಏನೂ ಇರ್ಲಿಲ್ಲ. ನೀವು ಬರೆದದ್ದನ್ನು ಊರಲ್ಲಿ ನಮ್ಮ ತಾಯಿ ಓದಿದ್ರು. ಕನ್ನಡ ಶಾಲೆಯಲ್ಲಿ ಕಲಿತವರು ಅವರು. ಇದು ಯಾರಪ್ಪಾ ಅಂತ ನನ್ನನ್ನೇ ಕೇಳಿದ್ರು."

ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಅಪ್ಪ ಫೋನ್ ಹತ್ತಿರ ಬಗ್ಗಿ, "ನಿಮ್ಮವ್ವಾರಿಗೆ ಹೇಳ್ರಿ, ಹುಡುಗನ ಅಪ್ಪ ಮಾತಾಡೀನಿ ಅಂತ" ಅಂದರು. ಅಷ್ಟೇ ಅಂದರು.

ಸ್ಕ್ರೀನ್‌ಶಾಟ್ ಅಳಿಸ್ತೀರಾ ಅಂತ ಹುಡುಗ ಕೇಳಲಿಲ್ಲ, ಅವರೂ ಅಳಿಸ್ತೀನಿ ಅನ್ನಲಿಲ್ಲ. ಶಾರ್ಜಾಕ್ಕೆ ಬಂದ ಮೇಲೆ ರೋಲಾ ಕಡೆ ಸಿಗಿ ಅಂದರು.

ಹೊರಡುವ ಮುಂಚೆ ಅವನಿಗೆ ಒಂದೆರಡು ಸಂಗತಿ ಹೇಳಿಕೊಟ್ಟೆ, ಯಾರಾದರೂ ಹೊರಡುವವರಿದ್ದರೆ ನಿಮಗೂ ಬೇಕಾದೀತು. ಖಾತೆಗೆ ಎರಡು ಹಂತದ ಲಾಗಿನ್ ಹಾಕಿಕೊಳ್ಳಿ. ನಿಮ್ಮ ಹೆಸರಲ್ಲಿ ನಕಲಿ ಖಾತೆ ಕಂಡರೆ ತಕ್ಷಣ ರಿಪೋರ್ಟ್ ಮಾಡಿ, ಊರಿನ ಪೊಲೀಸರಲ್ಲಿ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಉಡುಪಿಯ ಆ ಹೆಂಡತಿಯ ಕೈಯಲ್ಲಿದ್ದ ದಾಖಲೆ ಅದೇ. ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ಮನೆಯವರೇ ಊರಿಂದ ದೂರು ದಾಖಲಿಸಬಹುದು.

ಹುಡುಗ ಹೇಳಿದ ದಿನಕ್ಕೇ ಹೋದ. ವಿಮಾನ ಇಳಿದ ಮೇಲೆ ಅವನ ತಂಗಿ ನನಗೆ ಮೆಸೇಜ್ ಮಾಡಿದಳು, "ಅಣ್ಣ ಹೊರಗ ಬಂದ್ನಂತಕ್ಕಾ" ಅಂತ. ಹೊರಡುವ ಹಿಂದಿನ ರಾತ್ರಿ ಅವನು ಅದೇ ವಿಡಿಯೊ ಕೆಳಗೆ, ಅಪ್ಪ ಹೇಳಿದಂತೆ ಕನ್ನಡದಲ್ಲೇ, ನಾನು ಬರೆದದ್ದು ತಪ್ಪು ಅಂತ ಎರಡು ಸಾಲು ಹಾಕಿದ್ದ. ನಾನು ನೋಡಿದಾಗ ಆರು ಲೈಕ್ ಬಂದಿತ್ತು. ಕೆಳಗೆ ಊರಿನವನೇ ಒಬ್ಬ, "ಹೆದರಿದ್ಯಾ ಮಗನಾ?" ಅಂತ ನಗುವ ಇಮೋಜಿ ಹಾಕಿದ್ದ. ಹುಡುಗ ಅದಕ್ಕೆ ಉತ್ತರ ಕೊಟ್ಟಿರಲಿಲ್ಲ.