ಎಂಜಿನ್ ನಿಂತದ್ದು ಪಂಪಿಗೆ ಯಾರು ಹೇಳಬೇಕು?

ಅಣ್ಣನ ಹಳೆಯ ಲಾರಿಗೆ ನಾನು ಎಲೆಕ್ಟ್ರಿಕ್ ಡೀಸೆಲ್ ಪಂಪ್ ಕೂರಿಸಿದ್ದು 2006ರ ಜೂನ್ ತಿಂಗಳಲ್ಲಿ, ಒಂದೇ ರಾತ್ರಿಯಲ್ಲಿ. ಆ ವೈರಿಂಗನ್ನು ಬಿಚ್ಚಿ ಮತ್ತೆ ಸರಿಯಾಗಿ ಮಾಡಲು ಎರಡು ದಿನ ಹಿಡಿಯಿತು. ಈ ಎರಡು ಕೆಲಸಗಳ ನಡುವೆ ಯಾರದೋ ಮನೆಯ ಹೆಣ್ಣುಮಗಳೊಬ್ಬಳ ಮುಂಗೈ ಮುರಿಯಿತು. ಇಷ್ಟು ವರ್ಷಗಳ ಮೇಲೆ ಇದನ್ನು ಬರೆಯುತ್ತಿರುವುದು ಅದೇ ಕಾರಣಕ್ಕೆ.

ನಮ್ಮದು ಅರಸೀಕೆರೆ. ಅಣ್ಣ ಹೋಗುವಾಗ ತೆಂಗಿನಕಾಯಿ ತುಂಬಿಕೊಂಡು ಮಂಗಳೂರಿಗೆ ಇಳಿಯುತ್ತಿದ್ದ, ಬರುವಾಗ ಹೆಂಚೋ ಗೊಬ್ಬರವೋ ಸಿಕ್ಕಿದ್ದನ್ನು ಹೇರಿಕೊಂಡು ಶಿರಾಡಿ ಘಾಟಿ ಹತ್ತುತ್ತಿದ್ದ. ಲಾರಿ ಮೂರನೆಯ ಕೈಯಿಂದ ಬಂದದ್ದು. ಇಳಿಯುವಾಗ ತಕರಾರಿಲ್ಲ. ಹತ್ತುವಾಗ ಗುಂಡ್ಯ ದಾಟಿ ಏರು ಶುರುವಾಯಿತೆಂದರೆ ಎಂಜಿನ್ ಉಸಿರು ಕಟ್ಟಿದವರಂತೆ ಮುಗ್ಗರಿಸುತ್ತಿತ್ತು. ಅಣ್ಣ ಬದಿಗೆ ನಿಲ್ಲಿಸಿ, ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಐವತ್ತು ನೂರು ಸಲ ಒತ್ತಿ ಏರ್ ತೆಗೆಯುತ್ತಿದ್ದ. ನೊರೆ ನೊರೆಯಾಗಿ ಬರುತ್ತಿದ್ದ ಡೀಸೆಲ್ ತಿಳಿಯಾದ ಮೇಲೆ ಮತ್ತೆ ಸೆಲ್ಫ್ ಹೊಡೆದು ಹೊರಡುತ್ತಿದ್ದ. ಒಂದು ಘಾಟಿಗೆ ಮೂರು ಸಲ ಹೀಗಾದದ್ದೂ ಉಂಟು.

ಡೀಸೆಲ್ ಎಂಜಿನ್ನಿನ ಒಳಗುಟ್ಟು ಗೊತ್ತಿಲ್ಲದವರಿಗಾಗಿ ಎರಡು ಮಾತು. ಹಳೆಯ ಲಾರಿಗಳಲ್ಲಿ ಎಂಜಿನ್ನಿನ ಪಕ್ಕದಲ್ಲಿ ಒಂದು ಇಂಜೆಕ್ಷನ್ ಪಂಪ್ ಇರುತ್ತದೆ. ಪ್ರತಿ ಸಿಲಿಂಡರಿಗೂ ಅಳೆದ ಹನಿಯನ್ನು ಹೊತ್ತಿಗೆ ಸರಿಯಾಗಿ ಭಾರೀ ಒತ್ತಡದಲ್ಲಿ ಕಳಿಸುವುದು ಅದರ ಕೆಲಸ. ಜರ್ಮನಿಯ ಬಾಷ್ ಕಂಪನಿ ಇದನ್ನು 1927ರಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸಲು ಶುರುಮಾಡಿತು. ನಮ್ಮ ದೇಶದಲ್ಲಿ 1951ರಲ್ಲಿ ಹುಟ್ಟಿದ ಮೈಕೋ ಇಂಥ ಪಂಪುಗಳನ್ನು ಬೆಂಗಳೂರಿನ ಆಡುಗೋಡಿಯಲ್ಲಿ ಮಾಡುತ್ತಿತ್ತು. 2008ರಲ್ಲಿ ಆ ಕಂಪನಿಯ ಹೆಸರೇ ಬಾಷ್ ಎಂದು ಬದಲಾದರೂ ನಮ್ಮ ಗ್ಯಾರೇಜುಗಳ ಬಾಯಲ್ಲಿ ಅದು ಮೈಕೋ ಪಂಪ್ ಆಗಿಯೇ ಉಳಿಯಿತು. ಈ ದೊಡ್ಡ ಪಂಪಿನ ಮೈಗೆ ಅಂಟಿಕೊಂಡು ಒಂದು ಚಿಕ್ಕ ಪಂಪ್ ಇರುತ್ತದೆ. ಅದೇ ಫೀಡ್ ಪಂಪ್. ಟ್ಯಾಂಕಿನಿಂದ ಡೀಸೆಲ್ ಎಳೆದು ಫಿಲ್ಟರಿನ ಮೂಲಕ ದೊಡ್ಡಣ್ಣನಿಗೆ ಉಣಿಸುವ ಕೆಲಸ ಅದರದು. ಅದು ಸವೆದರೆ, ಇಲ್ಲವೇ ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಎಲ್ಲಾದರೂ ಸೂಜಿಮೊನೆಯಷ್ಟು ತೂತಾದರೆ, ಡೀಸೆಲ್ ಜೊತೆ ಗಾಳಿಯೂ ಒಳಬರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಎಳೆಯುವ ಪೈಪಿನಲ್ಲಿ ತೂತಿದ್ದರೆ ಡೀಸೆಲ್ ಸಾಮಾನ್ಯವಾಗಿ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ತೂತು ಕಣ್ಣಿಗೆ ಬೀಳುವುದಿಲ್ಲ. ನೆಲ ಒಣಗಿಯೇ ಇರುತ್ತದೆ. ಈ ಮಾತು ಆಗ ನನಗೆ ಹೊಳೆದಿರಲಿಲ್ಲ.

ನಾನು ಐಟಿಐ ಮುಗಿಸಿ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಇಪ್ಪತ್ತೆರಡು ವರ್ಷ. ವೈರಿಂಗ್ ಗೊತ್ತು ಎಂಬ ಜಂಬ. ಟ್ಯಾಂಕಿನ ಹತ್ತಿರ ಒಂದು ಎಲೆಕ್ಟ್ರಿಕ್ ಪಂಪ್ ಇಟ್ಟು ಡೀಸೆಲನ್ನು ಹಿಂದಿನಿಂದ ತಳ್ಳಿದರೆ ಫೀಡ್ ಪಂಪಿನ ಭಾರ ಇಳಿಯುತ್ತದೆ, ಗಾಳಿಯ ಕಾಟವೂ ತಪ್ಪುತ್ತದೆ ಎಂದು ಅಣ್ಣನಿಗೆ ಹೇಳಿದೆ. ಹೇಳಿದ್ದು ತಪ್ಪೇನಲ್ಲ. ಪಂಪನ್ನೂ ನೋಡಿಯೇ ತಂದಿದ್ದೆ. ಪೆಟ್ರೋಲ್ ಇಂಜೆಕ್ಷನ್ ಕಾರಿನ ಪಂಪ್ ಮೂರು ಬಾರ್‌ನಷ್ಟು ಒತ್ತಡ ಕೊಡುತ್ತದೆ, ಅದು ಇಲ್ಲಿಗೆ ಬೇಡ. ಕಡಿಮೆ ಒತ್ತಡದ, ಡೀಸೆಲ್‌ಗೆಂದೇ ಮಾಡಿದ, 12 ವೋಲ್ಟಿನದು ಸಾಕು. ಲಾರಿಗಳಲ್ಲಿ 24 ವೋಲ್ಟಿನವೂ ಇರುವುದರಿಂದ ಬ್ಯಾಟರಿಯನ್ನು ಅಳೆದೂ ನೋಡಿದ್ದೆ. ಟ್ಯಾಂಕಿಗೂ ಪಂಪಿಗೂ ನಡುವೆ ಒಂದು ಜಾಲರಿ ಫಿಲ್ಟರ್ ಹಾಕಿದೆ. ಇಷ್ಟೆಲ್ಲ ಸರಿಯಾಗಿ ಮಾಡಿದವನು, ಕೀ ಸ್ವಿಚ್ಚಿನಿಂದ ಒಂದು ವೈರ್ ಎಳೆದು ನೇರವಾಗಿ ಪಂಪಿಗೆ ಕೊಟ್ಟೆ. ಇನ್ನೊಂದು ತುದಿಯನ್ನು ಛಾಸಿಯ ಬೋಲ್ಟೊಂದಕ್ಕೆ ಸುತ್ತಿದೆ. ಲಾರಿಯಲ್ಲಿ ಮನೆಯ ಹಾಗೆ ಎರಡೆರಡು ವೈರ್ ಬೇಕಿಲ್ಲ, ಇಡೀ ಕಬ್ಬಿಣದ ಮೈಯೇ ಅರ್ತ್. ಕೀ ತಿರುಗಿಸಿದೊಡನೆ ಪಂಪ್ ಗುರ್ ಎಂದಿತು. ಅಣ್ಣ ಬೆನ್ನು ತಟ್ಟಿದ. ಮುಂದಿನ ವಾರ ಹೆಂಚು ಹೇರಿಕೊಂಡು ಘಾಟಿಯನ್ನು ಒಂದೇ ಉಸಿರಿಗೆ ಹತ್ತಿ ಬಂದ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಒಂದೇ. ಹಳೆಯ ಡೀಸೆಲ್ ಎಂಜಿನ್ ಓಡಲು ಕರೆಂಟ್ ಬೇಕಿಲ್ಲ. ಒಮ್ಮೆ ಹೊತ್ತಿಕೊಂಡರೆ ಬ್ಯಾಟರಿ ಬಿಚ್ಚಿದರೂ ಓಡುತ್ತಲೇ ಇರುತ್ತದೆ. ಅದನ್ನು ನಿಲ್ಲಿಸುವುದು ಕೀ ಅಲ್ಲ, ಡ್ಯಾಶ್‌ಬೋರ್ಡಿನ ಕೆಳಗಿನ ಸ್ಟಾಪರ್. ಅದನ್ನೆಳೆದರೆ ಇಂಜೆಕ್ಷನ್ ಪಂಪ್ ಡೀಸೆಲ್ ಕೊಡುವುದನ್ನು ನಿಲ್ಲಿಸುತ್ತದೆ, ಎಂಜಿನ್ ಸತ್ತುಹೋಗುತ್ತದೆ. ಕೀ ಆನ್ ಆಗಿದೆಯೋ ಇಲ್ಲವೋ ಎಂಬುದು ಬೇರೆಯದೇ ವಿಷಯ. ನಮ್ಮ ಲಾರಿಯ ಟೇಪ್ ರೆಕಾರ್ಡರ್ ಕೀ ಆನ್ ಇದ್ದರೆ ಮಾತ್ರ ಹಾಡುತ್ತಿತ್ತು. ಅದರ ವೈರಿಂಗ್ ಮಾಡಿದವನೂ ನಾನೇ.

ಜುಲೈ ತಿಂಗಳು, ಜಡಿಮಳೆ. ಮಾರನಹಳ್ಳಿ ಹತ್ತಿರ ಚಹಾಕ್ಕೆಂದು ಅಣ್ಣ ಲಾರಿ ನಿಲ್ಲಿಸಿದ. ಸ್ಟಾಪರ್ ಎಳೆದು ಇಳಿದ. ಕ್ಲೀನರ್ ಹುಡುಗ ಹಾಡು ಕೇಳುತ್ತ ಕ್ಯಾಬಿನ್ನಿನಲ್ಲೇ ಕುಳಿತ. ಪಂಪ್ ತಳ್ಳುತ್ತಲೇ ಇತ್ತು. ಎಂಜಿನ್ ಕುಡಿಯುವುದು ನಿಂತಿದ್ದರಿಂದ ಒತ್ತಡವೆಲ್ಲ ಪೈಪಿನ ಮೇಲೆ ಬಿತ್ತು. ಅದುವರೆಗೆ ಗಾಳಿ ಎಳೆಯುತ್ತಿದ್ದ ಆ ಕಾಣದ ತೂತು, ಒಂದು ಹಳೆಯ ರಬ್ಬರ್ ಪೈಪಿನ ಕ್ಲಿಪ್ಪಿನ ಬುಡದಲ್ಲಿ, ಈಗ ಡೀಸೆಲ್ ಉಗುಳತೊಡಗಿತು. ಅರ್ಧ ಗಂಟೆಯಲ್ಲಿ ಎಷ್ಟು ಹೋಯಿತೋ, ನಾಲ್ಕೈದು ಲೀಟರ್ ಇರಬಹುದು. ಮಳೆನೀರಿನ ಜೊತೆ ಸೇರಿ ರಸ್ತೆಯುದ್ದಕ್ಕೂ ಹರಿದು ಕೆಳಗಿನ ತಿರುವಿಗೆ ಹೋಯಿತು. ಕೆಳಗಿನಿಂದ ಗಂಡ ಹೆಂಡತಿ ಬೈಕಿನಲ್ಲಿ ಬರುತ್ತಿದ್ದರು.

ಅಣ್ಣ ಓಡಿಹೋಗಿ ಎತ್ತಿದ. ಗಂಡನಿಗೆ ಮೊಣಕಾಲು ತರಚಿತ್ತು. ಆಕೆಯ ಬಲಗೈ ಮಣಿಕಟ್ಟಿನ ಮೇಲೆ ಮುರಿದಿತ್ತು. ಹಿಂದಿನಿಂದ ಬಸ್ಸೊಂದು ಬರುತ್ತಿದ್ದರೆ ಏನಾಗುತ್ತಿತ್ತು ಎಂದು ಅಣ್ಣ ಆಮೇಲೆ ಎಷ್ಟೋ ದಿನ ಗೊಣಗುತ್ತಿದ್ದ. ಸಕಲೇಶಪುರಕ್ಕೆ ಕರೆದುಕೊಂಡು ಹೋಗಿ ಪಟ್ಟು ಹಾಕಿಸಿ, ಖರ್ಚನ್ನೆಲ್ಲ ಕೊಟ್ಟು ಬಂದ. ಆಕೆ ಬೀಡಿ ಕಟ್ಟಿ ಸಂಸಾರಕ್ಕೆ ನೆರವಾಗುತ್ತಿದ್ದವರು ಎಂಬುದು ಅವನಿಗೆ ಅಲ್ಲಿಯೇ ತಿಳಿದದ್ದು. ಬೀಡಿ ಕಟ್ಟಲು ಎರಡೂ ಕೈ ಬೇಕು. ಮನೆಗೆ ಬಂದವನು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಲಾರಿಯನ್ನು ಬಸ್ ಸ್ಟ್ಯಾಂಡ್ ಹಿಂದಿನ ಎಲೆಕ್ಟ್ರಿಶಿಯನ್ ಚಾಚಾರ ಶೆಡ್ಡಿಗೆ ಒಯ್ದೆವು. ಬಲ್ಬಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್, ಗಾಜು ಸೀಳಿದ ಒಂದು ಮೀಟರ್, ಇಷ್ಟೇ ಅವರ ಆಸ್ತಿ. ಲಾರಿಯ ಕೆಳಗೆ ನುಸುಳಿ, ನನ್ನ ವೈರಿಂಗನ್ನು ಬೆರಳಿನಿಂದಲೇ ಓದಿಕೊಂಡು ಹೊರಬಂದರು.

“ಯಾರಪ್ಪಾ ಮಾಡಿದ್ದು?”

“ನಾನೇ ಚಾಚಾ.”

“ಎಂಜಿನ್ ನಿಂತಿದೆ ಅಂತ ನಿನ್ನ ಪಂಪಿಗೆ ಯಾರು ಹೇಳಬೇಕು, ಬೇಟಾ?”

ನಾನು ತಲೆ ತಗ್ಗಿಸಿದೆ. ಅವರೇನೂ ನನ್ನನ್ನು ಹಂಗಿಸಲು ಕೇಳಿದ್ದಲ್ಲ. ಉತ್ತರ ಬರುವವರೆಗೆ ಬೀಡಿ ಹಚ್ಚದೆ ಕೈಯಲ್ಲೇ ಹಿಡಿದು ನಿಂತಿದ್ದರು. “ಆಯಿಲ್ ಪ್ರೆಶರ್?” ಎಂದೆ ಕೊನೆಗೆ. ಆಗ ಬೀಡಿ ಹಚ್ಚಿಕೊಂಡರು.

ಎಂಜಿನ್ ತಿರುಗುತ್ತಿದ್ದರೆ ಮಾತ್ರ ಆಯಿಲ್ ಒತ್ತಡ ಇರುತ್ತದೆ. ಆ ಒತ್ತಡದಿಂದ ಸೇರಿಕೊಳ್ಳುವ ಸ್ವಿಚ್ಚೊಂದನ್ನು ಪಂಪಿನ ದಾರಿಯಲ್ಲಿಟ್ಟರೆ ಎಂಜಿನ್ ಸತ್ತ ಕೂಡಲೇ ಪಂಪೂ ಸಾಯುತ್ತದೆ. ಲಾರಿ ಮಗುಚಿ ಎಂಜಿನ್ ನಿಂತುಹೋದರೂ ಅಷ್ಟೇ. ಆಗಲೇ ಇದ್ದ ಸ್ವಿಚ್ಚಿಗೇ ಜೋಡಿಸೋಣ ಎಂದೆ. ಚಾಚಾ ಬೇಡವೆಂದರು. ಡ್ಯಾಶ್‌ಬೋರ್ಡಿನ ಕೆಂಪು ದೀಪದ ಸ್ವಿಚ್ ಒತ್ತಡ ಇಲ್ಲದಾಗ ಸೇರುತ್ತದೆ, ಇದ್ದಾಗ ಬಿಡುತ್ತದೆ. ನಮಗೆ ಬೇಕಾದದ್ದು ಅದರ ತಿರುಗುಮುರುಗು. ಹಿತ್ತಾಳೆಯ ಒಂದು ಟಿ ಹಾಕಿ ಹಳೆಯದರ ಪಕ್ಕದಲ್ಲೇ ಹೊಸದನ್ನು ಕೂರಿಸಿದರು.

ಆಮೇಲೆ ರಿಲೇ. ಬ್ಯಾಟರಿಯಿಂದ ಬಂದ ವೈರಿಗೆ, ಬ್ಯಾಟರಿಯಿಂದ ಗೇಣುದ್ದದಲ್ಲೇ, 10 ಆಂಪಿಯರ್ ಫ್ಯೂಸ್. ದೂರದಲ್ಲಿ ಹಾಕಿದರೆ ನಡುವಿನ ವೈರಿಗೆ ಕಾವಲಿಲ್ಲ. ಅಲ್ಲಿಂದ ರಿಲೇಯ 30ಕ್ಕೆ, 87ರಿಂದ ಪಂಪಿಗೆ. ಕೀ ಸ್ವಿಚ್ಚಿನಿಂದ ಹೊರಟ ಸಣ್ಣ ವೈರ್ ಆಯಿಲ್ ಸ್ವಿಚ್ ಹಾದು 86ಕ್ಕೆ, 85 ಅರ್ತಿಗೆ. ಪಂಪಿನ ಭಾರವನ್ನು ರಿಲೇ ಹೊರುತ್ತದೆ, ಕೀ ಸ್ವಿಚ್ ಬರೀ ಅಪ್ಪಣೆ ಕೊಡುತ್ತದೆ. ನೀರು ನಿಲ್ಲದಂತೆ ರಿಲೇಯ ಕಾಲುಗಳನ್ನು ಕೆಳಮುಖವಾಗಿಟ್ಟರು. ಕ್ಯಾಬಿನ್ ತಗಡನ್ನು ವೈರ್ ದಾಟುವಲ್ಲಿ ರಬ್ಬರ್ ಬಳೆ ತೊಡಿಸಿದರು. ಸೈಲೆನ್ಸರ್ ಪೈಪಿನ ಬದಿ ಬಿಟ್ಟು ಇನ್ನೊಂದು ಬದಿಯಲ್ಲಿ ವೈರ್ ಒಯ್ದರು.

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಒತ್ತಡ ಇರುವುದಿಲ್ಲವಲ್ಲ, ಫಿಲ್ಟರ್ ಬದಲಿಸಿ ಡೀಸೆಲ್ ತುಂಬಿಸಬೇಕಾದಾಗ ಏನು ಮಾಡುವುದು? ಸೆಲ್ಫ್ ವೈರನ್ನೂ 86ಕ್ಕೆ ಸೇರಿಸೋಣ, ಸೆಲ್ಫ್ ಹೊಡೆಯುವಾಗ ಪಂಪ್ ಓಡುತ್ತದೆ ಎಂದೆ. ಜಾಣತನ ಇನ್ನೂ ಪೂರ್ತಿ ಇಳಿದಿರಲಿಲ್ಲ ನೋಡಿ. ಚಾಚಾ ಕಾಗದದ ಚೂರಿನ ಮೇಲೆ ಗೀಚಿ ತೋರಿಸಿದರು. ಎಂಜಿನ್ ಓಡುವಾಗ ಆಯಿಲ್ ಸ್ವಿಚ್ಚಿನ ಕರೆಂಟ್ ಅದೇ ಗಂಟಿನಿಂದ ಹಿಂದಕ್ಕೆ ಹರಿದು ಸೆಲ್ಫಿಗೆ ಹೋಗುತ್ತದೆ. ಓಡುವ ಎಂಜಿನ್ನಿಗೆ ಸೆಲ್ಫ್ ಕಚ್ಚಿಕೊಂಡರೆ ಹಲ್ಲು ಪುಡಿ. ನಡುವೆ ಡಯೋಡ್ ಹಾಕಬಹುದು. ಅವರು ಅದಕ್ಕಿಂತ ಸರಳವಾಗಿ, ಸ್ಟೇರಿಂಗ್ ಕೆಳಗೆ ಕಾಲಿಂಗ್ ಬೆಲ್ ಥರದ ಒಂದು ಒತ್ತುಗುಂಡಿ ಇಟ್ಟು ಕೀ ಸ್ವಿಚ್ಚಿನ ವೈರಿನಿಂದಲೇ ಅದನ್ನು 86ಕ್ಕೆ ಕೊಟ್ಟರು. ಬೆರಳು ಇರುವಷ್ಟು ಹೊತ್ತು ಪಂಪ್ ಓಡುತ್ತದೆ, ಬಿಟ್ಟರೆ ಇಲ್ಲ. ಎಳೆದು ಬಿಡುವ ಸ್ವಿಚ್ ಯಾಕೆ ಬೇಡ ಎಂದು ನಾನು ಕೇಳಲಿಲ್ಲ.

ಕೊನೆಗೆ ಅರ್ತ್. ಮೀಟರ್ ಹಿಡಿದು ನೋಡಿದರೆ ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟ್, ಪಂಪಿನ ಬಾಯಲ್ಲಿ ಹತ್ತೂವರೆ. ನಾನು ಸುತ್ತಿದ್ದ ತುಕ್ಕು ಬೋಲ್ಟ್ ಎರಡು ವೋಲ್ಟ್ ನುಂಗಿತ್ತು. ಬಣ್ಣ ಕೆರೆದು, ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ, ಕಣ್ಣುಳ್ಳ ಲಗ್ ಒತ್ತಿ ಬಿಗಿದು, ಮೇಲೆ ಗ್ರೀಸ್ ಹಚ್ಚಿದರು. ರಬ್ಬರ್ ಪೈಪುಗಳನ್ನೆಲ್ಲ ನಾನು ಬದಲಿಸಿದೆ. ಅದು ಮೊದಲೇ ಆಗಬೇಕಿದ್ದ ಕೆಲಸ.

ಪರೀಕ್ಷೆಯನ್ನು ಅವರು ನನ್ನಿಂದಲೇ ಮಾಡಿಸಿದರು. ಎಂಜಿನ್ ಓಡುತ್ತಿರುವಾಗ ಸ್ಟಾಪರ್ ಎಳೆ, ಕೀ ಮುಟ್ಟಬೇಡ, ಕಿವಿಗೊಟ್ಟು ಕೇಳು ಎಂದರು. ಎಂಜಿನ್ ನಿಂತಿತು. ಒಂದೆರಡು ಸೆಕೆಂಡ್ ಪಂಪಿನ ಗುರ್ ಸದ್ದು ಉಳಿದು, ರಿಲೇ ಟಕ್ ಎಂದಿತು. ಆಮೇಲೆ ಟೇಪಿನ ಹಾಡೊಂದೇ. ಅಣ್ಣ ಅದನ್ನೂ ಆರಿಸಿದ.

ಆ ಹೆಂಗಸಿನ ಮನೆ ಉಪ್ಪಿನಂಗಡಿಯ ಕಡೆ. ಕೈ ಕೂಡುವವರೆಗೆ ಅಣ್ಣ ಪ್ರತಿ ಟ್ರಿಪ್ಪಿನಲ್ಲೂ ಹೋಗಿ ಅಷ್ಟೋ ಇಷ್ಟೋ ಕೊಟ್ಟು ಬರುತ್ತಿದ್ದ. ಒಮ್ಮೆ ನಾನೂ ಹೋದೆ. ವೈರಿಂಗ್ ಮಾಡಿದವನು ನಾನೇ ಎಂದು ಹೇಳಬೇಕೆಂದಿದ್ದೆ. ಆಕೆ ಎಡಗೈಯಲ್ಲಿ ಚಹಾ ತಂದು ಕೊಟ್ಟರು. ನಾನು ಹೇಳಲಿಲ್ಲ.

2014ರಲ್ಲಿ ಅಣ್ಣ ಲಾರಿಯನ್ನು ತಿಪಟೂರಿನವರೊಬ್ಬರಿಗೆ ಮಾರಿದ. ಚಾಚಾ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಮಾರಿದ ತಿಂಗಳೊಳಗೆ ಕೊಂಡವರ ಫೋನ್ ಬಂತು. “ಸ್ಟೇರಿಂಗ್ ಕೆಳಗೆ ಏನೋ ಒಂದು ಬಟನ್ ಇದೆಯಲ್ಲ, ಏನದು? ನಮ್ಮ ಮೆಕ್ಯಾನಿಕ್ ಹುಡುಗ ಅದನ್ನೆಲ್ಲ ಕಿತ್ತುಹಾಕಿ ಕೀಗೆ ನೇರ ಕೊಡೋಣ ಅಂತಾನೆ. ರಗಳೆ ಇರಲ್ಲವಂತೆ.”

ಕೈ ಹಾಕಬೇಡಿ, ಬರುತ್ತೇನೆ ಎಂದೆ. ಅರಸೀಕೆರೆಯಿಂದ ತಿಪಟೂರಿಗೆ ರೈಲಿನಲ್ಲಿ ಎಷ್ಟು ಹೊತ್ತು? ಹೋಗಿ ಎಂಜಿನ್ ಹಚ್ಚಿಸಿದೆ. ಸ್ಟಾಪರ್ ಎಳೆದು, ಕೀ ಹಾಗೇ ಬಿಟ್ಟು, ಹುಡುಗನನ್ನು ಟ್ಯಾಂಕಿನ ಹತ್ತಿರ ಕೂರಿಸಿ ಕಿವಿಗೊಟ್ಟು ಕೇಳು ಎಂದೆ. ಟಕ್ ಎಂದ ಮೇಲೆ ಅವನು ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದ. ಆಮೇಲೆ ಕೈ ಒರೆಸಿಕೊಳ್ಳುತ್ತ ಎದ್ದು, “ಈ ಆಯಿಲ್ ಸ್ವಿಚ್ ಎಲ್ಲಿ ಸಿಗುತ್ತೆ ಅಣ್ಣಾ? ಇನ್ನೂ ಎರಡು ಗಾಡಿಗೆ ನೇರ ಕೊಟ್ಟಿದ್ದೀನಿ” ಎಂದ.