ನಮ್ಮ ಹಿತ್ತಿಲಿನ ತರಕಾರಿ

ಕಾಸರಗೋಡಿನ ಗುಡ್ಡದ ಬದಿಯಲ್ಲಿ ನಮಗಿರುವುದು 30 ಸೆಂಟ್ಸ್ ಜಾಗ. ಮನೆ, ಹಟ್ಟಿ, ಬಾವಿ, ಹತ್ತಾರು ತೆಂಗು ಇಷ್ಟನ್ನು ಕಳೆದು ಉಳಿದದ್ದು ತರಕಾರಿಗೆ. ಮೊದಲು ಮಳೆಗಾಲದಲ್ಲಿ ಮಾತ್ರ ಬೆಳೆಸುತ್ತಿದ್ದೆವು. ಉಳಿದ ತಿಂಗಳುಗಳಲ್ಲಿ ಪೇಟೆಯೇ ಗತಿ. ವರ್ಷವಿಡೀ ಬೆಳೆಸಬೇಕೆಂದು ಹಟ ಹಿಡಿದವರು ಅಮ್ಮ. ಕಾರಣವಿಲ್ಲದೆ ಅಲ್ಲ. ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ ವರ್ಷಗಟ್ಟಲೆ, 2000ನೇ ಇಸವಿಯವರೆಗೂ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ಎಣ್ಮಕಜೆಯಂತಹ ಊರುಗಳಲ್ಲಿ ಅದರ ನೋವು ಉಂಡವರು ಇಂದಿಗೂ ಇದ್ದಾರೆ. ಉಣ್ಣುವ ತರಕಾರಿಗೆ ಏನು ಬಿದ್ದಿದೆಯೆಂದು ನಮಗೆ ಗೊತ್ತಿರಬೇಕು ಎಂಬುದು ಅಮ್ಮನ ಮಾತು.

ಯೋಜನೆ ಹಾಕಿದ್ದು ಬಾವಿಕಟ್ಟೆಯ ಮೇಲೆ ಕುಳಿತು. ಎಪ್ರಿಲಿನಲ್ಲಿ ಬಾವಿಯ ತಳ ಕಾಣುತ್ತದೆ. ಆಗ ತರಕಾರಿಗೆ ದಿನಕ್ಕೆ ಹತ್ತು ಕೊಡ ನೀರು ಕೊಡಬಹುದೆಂದು ಅಂದಾಜು ಮಾಡಿ, ಅದಕ್ಕೆ ತಕ್ಕಂತೆ ಎರಡು ಸಾಲು ಹರಿವೆ, ಒಂದು ಸಾಲು ಅಲಸಂಡೆ ಎಂದು ನಿಶ್ಚಯಿಸಿದೆವು. ಬಸಳೆಗೆ ಬಾವಿನೀರಿನಲ್ಲಿ ಪಾಲಿಲ್ಲ. ಅದರ ಚಪ್ಪರ ಪಾತ್ರೆ ತೊಳೆಯುವ ಕಲ್ಲಿನ ಬಳಿ. ಮಳೆಗಾಲದ ಲೆಕ್ಕವೇ ಬೇರೆ. ಆಗ ನೀರು ತರುವ ಚಿಂತೆಯಲ್ಲ, ಹೊರಗೆ ಬಿಡುವ ಚಿಂತೆ. ಇಳಿಜಾರಿಗೆ ಅಡ್ಡವಾಗಿ ಒಂದಡಿ ಎತ್ತರದ ಏರಿ ಮಾಡಿ ಬೆಂಡೆ, ಹೀರೆ, ಮುಳ್ಳುಸೌತೆ ಹಾಕುತ್ತೇವೆ.

ಗೊಬ್ಬರದ ವಿಷಯದಲ್ಲಿ ಮಾತ್ರ ಮನೆಯಲ್ಲಿ ಎರಡು ಪಕ್ಷಗಳಾದವು. ಅಜ್ಜನದು ಸುಡುಮಣ್ಣಿನ ಪಕ್ಷ: ತರಗೆಲೆ ರಾಶಿ ಹಾಕಿ, ಮಣ್ಣು ಮುಚ್ಚಿ, ನಿಧಾನವಾಗಿ ಸುಡಬೇಕು. ತಂದೆಯವರದು ಕೊಳೆಸುವ ಪಕ್ಷ. ಸುಟ್ಟರೆ ಪೊಟ್ಯಾಶ್ ಬೂದಿಯಲ್ಲಿ ಉಳಿದೀತು, ಸಾರಜನಕ ಹೊಗೆಯೊಡನೆ ಹೋಗುತ್ತದೆ ಎಂದು ಅವರ ವಾದ. ನಮ್ಮ ಮುರಕಲ್ಲಿನ ಮಣ್ಣು ಹುಳಿ, ಆ ಹುಳಿಯನ್ನು ಮುರಿಯಲು ಬೂದಿಯೇ ಬೇಕು ಎಂದು ಅಜ್ಜ. ಇಬ್ಬರ ಮಾತೂ ಸರಿಯೇ! ಕೊನೆಗೆ ಮಡಲು, ಕಡ್ಡಿ ಒಲೆಗೆ, ಒಲೆಯ ಬೂದಿ ತರಕಾರಿಗೆ, ಎಲೆಯೆಲ್ಲ ಕಾಂಪೋಸ್ಟಿಗೆ ಎಂದು ರಾಜಿಯಾಯಿತು.

ಗುಂಡಿ ತೋಡಿ ಕೊಳೆಸಬೇಕೆಂದು ಪುಸ್ತಕಗಳು ಹೇಳುತ್ತವೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮಲ್ಲಿ ಗುಂಡಿಯೆಂದರೆ ಕೆರೆಯೇ ಸರಿ. ಸತ್ವ ತೊಳೆದುಹೋಗಿ ನಾತ ಮಾತ್ರ ಉಳಿಯುತ್ತದೆ. ಆದುದರಿಂದ ಹಟ್ಟಿಯ ಹಿಂದಿನ ಎತ್ತರದ ಜಾಗದಲ್ಲಿ, ಮಡಲಿನ ಮಾಡಿನ ಕೆಳಗೆ ರಾಶಿ ಹಾಕುತ್ತೇವೆ. ಹಲಸು, ಮಾವುಗಳ ಒಣ ಎಲೆ ಅರ್ಧ ಅಡಿ, ಅದರ ಮೇಲೆ ಹಸಿಸೊಪ್ಪು ಮತ್ತು ಅಡಿಗೆಮನೆಯ ಸಿಪ್ಪೆ, ಬಳಿಕ ಸೆಗಣಿನೀರು, ತೆಳ್ಳಗೆ ಮಣ್ಣು. ಹೀಗೆ ಮೂರಡಿ ಎತ್ತರ. ಅದಕ್ಕಿಂತ ಸಣ್ಣದಾದರೆ ಬಿಸಿ ನಿಲ್ಲದು. ನಾಲ್ಕೈದು ದಿನವಾದ ಮೇಲೆ, ರಾಶಿಗೆ ತೂರಿಸಿಟ್ಟ ಕಬ್ಬಿಣದ ಸಲಾಕೆಯನ್ನು ಎಳೆದು ಮುಟ್ಟಿ ನೋಡುವುದೆಂದರೆ ತಂಗಿಗೆ ಬಲು ಸಡಗರ. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವವಿದ್ದರೆ ಸಾಕು. ಮೂರು ವಾರಕ್ಕೊಮ್ಮೆ ಮಗುಚಿದರೆ ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ.

ಹೀರೆಗೆ ಹಣ್ಣುನೊಣದ ಕಾಟವಿದೆ. ಎಳೆಕಾಯಿಗಳಿಗೆ ಕಾಗದ ಸುತ್ತಿ ಕಟ್ಟುತ್ತೇವೆ. ಕಳೆದ ವರ್ಷದ ಗಣಿತದ ನೋಟುಪುಸ್ತಕ ಹೀಗೆ ಮುಗಿಯಿತು. ಈರುಳ್ಳಿ, ಬಟಾಟೆ ಈಗಲೂ ಪೇಟೆಯಿಂದಲೇ ಬರುತ್ತವೆ. ಮಳೆ ಬಿಟ್ಟ ಮೇಲೆ ಬಿತ್ತಿದ ಸೌತೆಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗುಹಾಕಿದ್ದೇವೆ. ಇನ್ನು ಏಳು ಉಳಿದಿವೆ. ಅವುಗಳಲ್ಲಿ ಒಂದಕ್ಕೆ ಅಜ್ಜಿ ಸುಣ್ಣದ ಗುರುತು ಹಾಕಿದ್ದಾರೆ. ಅದು ಬೀಜಕ್ಕೆ, ಸಾಂಬಾರಿಗಲ್ಲ.